ಮೊದಲ ಕುಡುಗೋಲು ಕಲಿಸಿದ ಪಾಠ

ಇವತ್ತಿನ ಕಂತು ಮಚ್ಚು, ಕುಡುಗೋಲಿನ ಬಗ್ಗೆ. ಗಾಬರಿ ಬೇಡ, ರೌಡಿಗಳ ಕಥೆ ಅಲ್ಲ.

1995ರಲ್ಲಿ 'ಓಂ' ಸಿನಿಮಾ ಬಂದ ಮೇಲೆ ಮಚ್ಚು ಅಂದ್ರೆ ಎಷ್ಟೋ ಜನಕ್ಕೆ ನೆನಪಾಗೋದು ಲಾಂಗು, ರಕ್ತ. ಆದ್ರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಅದು ದಿನಬಳಕೆ ಸಾಮಾನು. ಎಳನೀರು ಕೆತ್ತೋಕೆ, ಬೇಲಿ ಸವರೋಕೆ ಮಚ್ಚು. ರಾಗಿ, ಭತ್ತ, ದನದ ಹುಲ್ಲಿಗೆ ಕುಡುಗೋಲು. ಅಡುಗೆಮನೆಯಲ್ಲಿ ಈಳಿಗೆಮಣೆ.

ನಮ್ಮ ಕಡೆ ಮಕ್ಕಳಿಗೆ "ಇದು ನಿಂದು" ಅಂತ ಸಿಗ್ತಿದ್ದ ಮೊದಲ ಅಲಗು ಹುಲ್ಲು ಕೊಯ್ಯೋ ಚಿಕ್ಕ ಕುಡುಗೋಲು. ನನಗೂ ಅದೇ ಸಿಕ್ಕಿದ್ದು. "ಮೊದ್ಲು ಇನ್ನೊಬ್ರಿಗೆ ಕೊಡೋದು ಕಲಿ, ಆಮೇಲೆ ಕೊಯ್ಯೋದು" ಅಂದಿದ್ರು ತಾತ. ಕೈಯಿಂದ ಕೈಗೆ ಕೊಡಬಾರ್ದು, ಜಗಳ ಆಗುತ್ತೆ, ನೆಲದ ಮೇಲಿಡಬೇಕು ಅನ್ನೋರು. ಜಗಳದ ಮಾತು ನಂಬಿಕೆ ಇರಬಹುದು, ಆದ್ರೆ ನೆಲದ ಮೇಲಿಟ್ರೆ ಬೆರಳಂತೂ ಉಳಿಯುತ್ತೆ.

ಎರಡನೇ ಪಾಠ ಎಡಗೈದು. ಪೈರು ಹಿಡಿದಾಗ ಕಿರುಬೆರಳೇ ಅಲಗಿಗೆ ಹತ್ತಿರ. ಹಾಗಾಗಿ ಹಿಡಿತ ಮೇಲೆ, ಕೊಯ್ತ ಕೆಳಗೆ.

ಮೂರನೇದು ಹರಿತ. ಮೊಂಡು ಕುಡುಗೋಲಿಗೆ ಜಾಸ್ತಿ ಬಲ ಬೇಕು. ಬಲ ಹಾಕಿದಾಗಲೇ ಅದು ಜಾರೋದು. ಅದಕ್ಕೇ ಕಲ್ಲಿಗೆ ಮಸೀಬೇಕು. ಅದಕ್ಕೂ ಬಗ್ಗದಿದ್ರೆ ಕುಲುಮೆಗೆ ಹೋಗಬೇಕು. ಒಳ್ಳೆ ಮಚ್ಚನ್ನ ಲಾರಿಯ ಹಳೇ ಪಟ್ಟಿಯಿಂದ ಮಾಡೋದೂ ಉಂಟು. ಆ ಉಕ್ಕಲ್ಲಿ ಇಂಗಾಲ ಜಾಸ್ತಿ, ಕೆಂಪಗೆ ಕಾಯಿಸಿ ತಣ್ಣಗೆ ಅದ್ದಿದ್ರೆ ಗಟ್ಟಿಯಾಗುತ್ತೆ. ಹದ ಹೆಚ್ಚಾದ್ರೆ ಬಾಯಿ ಚೂರಾಗುತ್ತೆ, ಕಮ್ಮಿಯಾದ್ರೆ ಬೇಗ ಮೊಂಡಾಗುತ್ತೆ. ಅದನ್ನ ಕಬ್ಬಿಣದ ಬಣ್ಣ ನೋಡಿಯೇ ಅಳೆಯೋದು ಕಮ್ಮಾರರ ವಿದ್ಯೆ.

ಈಗ ಗದ್ದೆಗೆ ಕೊಯ್ಲು ಮಷೀನು ಬಂದಿದೆ. ಮಕ್ಕಳು ಮಚ್ಚನ್ನ ಮೊದಲು ನೋಡೋದು ಮೊಬೈಲಲ್ಲಿ. 2025ರ ಮಾರ್ಚ್‌ನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದ ಇಬ್ಬರು ರಿಯಾಲಿಟಿ ಶೋ ಸ್ಪರ್ಧಿಗಳ ಮೇಲೆ ಬೆಂಗಳೂರು ಪೊಲೀಸರು ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಹಾಕಿದ್ರು.

1959ರ ಈ ಕಾಯ್ದೆಯ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನ ಆಯುಧಗಳ ಪಟ್ಟಿಗೆ ಸೇರಿಸಿದ್ದಾರೆ. ಮನೆಬಳಕೆಗೆ, ಕೃಷಿಗೆ ಅಂತ ಮಾಡಿದ್ದನ್ನ ಅದರಿಂದ ಹೊರಗಿಟ್ಟಿದ್ದಾರೆ. ಹಾಗಂತ ಯಾರನ್ನಾದ್ರೂ ಹೆದರಿಸಿ, ಆಮೇಲೆ "ಇದು ಹೊಲದ ಮಚ್ಚು ಸಾರ್" ಅಂದ್ರೆ ಬಚಾವಾಗೋಕಾಗಲ್ಲ.

ಕಾನೂನು ಕೇಳೋದೂ ತಾತ ಕೇಳ್ತಿದ್ದದ್ದೂ ಒಂದೇ: ಏನು ಕೆಲಸಕ್ಕೆ ತಗೊಂಡೆ? ಕೆಲಸ ಇಲ್ಲದಾಗ ಕುಡುಗೋಲು ಸೂರಿಗೆ ಸಿಕ್ಕಿಸಿರಬೇಕು ಅನ್ನೋದು ಮನೆಯ ನಿಯಮ.

ಈ ಸಲ ಆಯುಧ ಪೂಜೆಗೆ ಮಚ್ಚು, ಕುಡುಗೋಲು ತೊಳೆದು ಕುಂಕುಮ ಇಡುವಾಗ ಮಕ್ಕಳನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಿಡಿಯೋದು, ಮಸೆಯೋದು, ಇಡೋದು, ಮೂರೂ ತೋರಿಸಿ. ರೀಲ್ಸ್ ಕಲಿಸೋ ಮೊದಲು ನಾವು ಕಲಿಸೋಣ. ಮುಂದಿನ ಕಂತಲ್ಲಿ ಸಿಗ್ತೀನಿ.