ಬುಕಿಂಗ್ ದಿನ ನಮ್ಮದು, ಡೆಲಿವರಿ ದಿನ ಯಾರದು?

ಎಲೆಕ್ಟ್ರಿಕ್ ಕಾರು ಬುಕ್ ಮಾಡಿ ಕೂತವರ ದೂರು ಕೇಳಿದಾಗಲೆಲ್ಲ ಒಂದು ವಿಷಯ ನನ್ನ ಗಮನಕ್ಕೆ ಬರುತ್ತದೆ. ಕಾಯುವುದಕ್ಕೆ ಅವರದೇನೂ ತಕರಾರಿಲ್ಲ. ಆರು ತಿಂಗಳು ಅಂತ ಮೊದಲೇ ಹೇಳಿದ್ದರೆ ಆರು ತಿಂಗಳು ಕಾಯುತ್ತಿದ್ದರು. ‘ಮುಂದಿನ ತಿಂಗಳು ಗ್ಯಾರಂಟಿ ಸಾರ್’ ಅನ್ನುವ ಮಾತು ಪ್ರತಿ ತಿಂಗಳೂ ಬರುತ್ತದಲ್ಲ, ಸಿಟ್ಟು ಅದಕ್ಕೆ.

ತಡ ಯಾಕಾಗುತ್ತದೆ? ಮೊದಲನೆಯದು, ಸರತಿ ಸಾಲು ನಾವಂದುಕೊಂಡಂತೆ ಒಂದೇ ಅಲ್ಲ. ಮಹೀಂದ್ರಾ ತನ್ನ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳಿಗೆ 2025ರ ಫೆಬ್ರುವರಿ 14ರಂದು ಬುಕಿಂಗ್ ತೆರೆದಾಗ ಒಂದೇ ದಿನ 30,179 ಬುಕಿಂಗ್ ಬಂದವು. ಕಂಪನಿಯ ವೇಳಾಪಟ್ಟಿಯಲ್ಲಿ ದುಬಾರಿ ಪ್ಯಾಕ್ ತ್ರೀ ಡೆಲಿವರಿ ಮಾರ್ಚ್‌ನಿಂದ, ಅಗ್ಗದ ಪ್ಯಾಕ್ ಒನ್ ಆಗಸ್ಟ್‌ನಿಂದ. ಬೆಳಗ್ಗೆ ಅಗ್ಗದ್ದನ್ನು ಬುಕ್ ಮಾಡಿದವರಿಗಿಂತ ಸಂಜೆ ದುಬಾರಿಯದನ್ನು ಬುಕ್ ಮಾಡಿದವರಿಗೆ ಕಾರು ಮೊದಲು ಸಿಗುವ ಲೆಕ್ಕ ಇದು. ಇಲ್ಲಿ ವೇಳಾಪಟ್ಟಿಯನ್ನು ಮೊದಲೇ ಹೇಳಿದ್ದರು ಅನ್ನುವುದೇ ಸಮಾಧಾನ.

ಎರಡನೆಯದು, ಬಿಡಿಭಾಗ. ಒಂದು ಭಾಗ ಬರದಿದ್ದರೂ ಕಾರು ಫ್ಯಾಕ್ಟರಿಯಿಂದ ಹೊರಡುವುದಿಲ್ಲ. ಬ್ಯಾಟರಿ ಸೆಲ್‌ಗೂ ಮೋಟರಿನ ಮ್ಯಾಗ್ನೆಟ್‌ಗೂ ನಾವು ಬಹುಪಾಲು ಚೀನಾ ಕಡೆಯೇ ನೋಡಬೇಕು. 2025ರ ಏಪ್ರಿಲ್ 4ರಂದು ಚೀನಾ ಏಳು ವಿರಳ ಲೋಹಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಅದರಲ್ಲಿ ಡಿಸ್ಪ್ರೋಸಿಯಂ, ಟರ್ಬಿಯಂ ಕೂಡ ಇವೆ. ಮೋಟರ್ ಬಿಸಿಯಾದಾಗ ಮ್ಯಾಗ್ನೆಟ್ ಶಕ್ತಿ ಕಳೆದುಕೊಳ್ಳದಂತೆ ಕಾಯುವುದು ಇವೇ. ಬೇಕಾಗುವುದು ಚೂರೇ ಚೂರು, ಆದರೆ ಅದು ಬರಲಿಲ್ಲ ಅಂದರೆ ಕೆಲಸ ನಿಂತಿತು.

ಇದು ಕಂಪನಿಯ ನಿಜವಾದ ಕಷ್ಟ, ಒಪ್ಪೋಣ. ನನ್ನ ತಕರಾರು ಇರುವುದು ಕಷ್ಟ ಯಾರ ತಲೆಗೆ ಬೀಳುತ್ತದೆ ಅನ್ನುವುದರಲ್ಲಿ. ಬುಕಿಂಗ್ ಫಾರ್ಮ್ ಓದಿ ನೋಡಿ. ಡೆಲಿವರಿ ದಿನ ‘ಅಂದಾಜು’ ಅಂತಿರುತ್ತದೆ. ಬೆಲೆ ಮಾತ್ರ ಸಾಮಾನ್ಯವಾಗಿ ಡೆಲಿವರಿ ದಿನದ್ದು. ತಡ ಅವರದು, ಏರಿದ ಬೆಲೆ ನಮ್ಮದು. ಅಷ್ಟರಲ್ಲಿ ಬ್ಯಾಂಕಿನ ಸಾಲ ಮಂಜೂರಾತಿಯ ಅವಧಿ ಮುಗಿದಿರುತ್ತದೆ, ಹಳೇ ಕಾರು ಮಾರಿ ಆಗಿರುತ್ತದೆ.

ತೆರಿಗೆಯೂ ಹಾಗೇ. ನಮ್ಮ ರಾಜ್ಯ 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ 10ರಷ್ಟು ಜೀವಾವಧಿ ತೆರಿಗೆ ಹಾಕಿತು. ಅಲ್ಲಿಯವರೆಗೆ ವಿನಾಯಿತಿ ಇತ್ತು. ಆರ್‌ಟಿಒಗೆ ಬೇಕಿರುವುದು ನೋಂದಣಿ ದಿನ, ನೀವು ಬುಕ್ ಮಾಡಿದ ದಿನವಲ್ಲ. ಅಂಥ ಹೊತ್ತಿನಲ್ಲಿ ಒಂದು ತಿಂಗಳ ತಡ ಅಂದರೆ ಎರಡೂವರೆ ಲಕ್ಷಕ್ಕೂ ಮೇಲೆ.

ಹಾಗಾಗಿ ದುಡ್ಡು ಕಟ್ಟುವ ಮುಂಚೆ ಮೂರು ಉತ್ತರ ಇಮೇಲ್‌ನಲ್ಲಿ ತಗೊಳ್ಳಿ: ನನ್ನ ಮಾಡೆಲ್, ನನ್ನ ಬಣ್ಣದ ಕಾರು ಯಾವಾಗ ತಯಾರಾಗುತ್ತದೆ? ಅಷ್ಟರಲ್ಲಿ ಬೆಲೆ ಏರಿದರೆ ಯಾರು ಕೊಡಬೇಕು? ಕ್ಯಾನ್ಸಲ್ ಮಾಡಿದರೆ ಪೂರ್ತಿ ಹಣ ಎಷ್ಟು ದಿನದಲ್ಲಿ ವಾಪಸ್? ಬಾಯಿಮಾತು ಸಾಕಾಗುವುದಿಲ್ಲ. ನಾಳೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವಾಗ, ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುವಾಗ ಕೈಯಲ್ಲಿ ಕಾಗದ ಬೇಕು.

ಕಂಪನಿಗಳೂ ಒಂದು ಕೆಲಸ ಮಾಡಬಹುದು. ಮುನ್ನೂರು ರೂಪಾಯಿಯ ರೈಲು ಟಿಕೆಟ್‌ಗೆ ವೇಯ್ಟಿಂಗ್ ಲಿಸ್ಟ್ ನಂಬರ್ ಸಿಗುತ್ತದೆ. ಇಪ್ಪತ್ತು ಲಕ್ಷದ ಕಾರಿಗೂ ಅಂಥದೊಂದು ನಂಬರ್ ಕೊಡಲಿ.