ಎಲೆಯಾಟದ ವಿದ್ಯೆಯಲ್ಲಿ ಗುರುವಿನ ಆಯ್ಕೆ

ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನವು ಕನಕದಾಸರ ‘ನಳಚರಿತ್ರೆ’ಯ ಮೂಲಕ ಕನ್ನಡ ವಾಚಕರಿಗೆ ಸುಪರಿಚಿತವಾಗಿದೆ. ಪುಷ್ಕರನೊಡನೆ ಜೂಜಾಡಿ ರಾಜ್ಯವನ್ನು ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗಿರುತ್ತಾನೆ. ವಿದರ್ಭಕ್ಕೆ ಧಾವಿಸುತ್ತಿರುವ ರಥದಲ್ಲಿ ಕುಳಿತೇ ಋತುಪರ್ಣನು ದಾರಿಯಲ್ಲಿದ್ದ ತಾರೆಯ ಮರವೊಂದನ್ನು ನೋಡಿ, ಅದರ ಎರಡು ಕೊಂಬೆಗಳಲ್ಲಿ 2,095 ಹಣ್ಣುಗಳಿವೆಯೆಂದು ಹೇಳುತ್ತಾನೆ. ರಾಜನಿಗೆ ಅವಸರವಿದ್ದರೂ ನಳನು ರಥವನ್ನು ನಿಲ್ಲಿಸಿ, ಮರವನ್ನು ಕಡಿದು, ಹಣ್ಣುಗಳನ್ನು ಎಣಿಸಿ ನೋಡುತ್ತಾನೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಆ ಬಳಿಕವೇ ಅವನು ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತು, ಪ್ರತಿಯಾಗಿ ತನಗೆ ತಿಳಿದಿದ್ದ ಅಶ್ವಹೃದಯವನ್ನು ಕೊಡಲು ಒಪ್ಪುತ್ತಾನೆ. ಸಂಭವನೀಯತೆಯ ಇತಿಹಾಸವನ್ನು ಬರೆದ ಇಯಾನ್ ಹ್ಯಾಕಿಂಗ್ ಅವರು 1975ರ ತಮ್ಮ ಗ್ರಂಥದಲ್ಲಿ ಈ ಪ್ರಸಂಗವನ್ನು ವಿಶೇಷವಾಗಿ ಗಮನಿಸಿದ್ದಾರೆ. ಋತುಪರ್ಣನ ಗಣನಚಾತುರ್ಯದ ಕಡೆಗೆ ಎಲ್ಲರ ದೃಷ್ಟಿ ಹರಿದಿದೆ. ಪ್ರಕೃತ ಲೇಖನದಲ್ಲಿ ನಾವು ನಳನ ಎಣಿಕೆಯ ಕಡೆಗೆ, ಅಂದರೆ ಶಿಷ್ಯನಾಗುವ ಮುನ್ನ ಅವನು ಮಾಡಿದ ಪರೀಕ್ಷೆಯ ಕಡೆಗೆ, ವಾಚಕರ ಗಮನವನ್ನು ಸೆಳೆಯಬಯಸುತ್ತೇವೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಇಸ್ಪೀಟು ಹೊಸದೇನಲ್ಲ. ಯುಗಾದಿಯ ಮರುದಿನ ವರ್ಷತೊಡಕಿನಂದು ಮರದ ನೆರಳಿನಲ್ಲಿ ಎಲೆ ಹಾಕುವ ವಾಡಿಕೆಯನ್ನು ಎಲ್ಲರೂ ಬಲ್ಲರು. ಈಚಿನ ವರ್ಷಗಳಲ್ಲಿ ಆ ಆಟ ಮೊಬೈಲ್ ದೂರವಾಣಿಯೊಳಕ್ಕೆ ಸೇರಿತು. ಅದರೊಡನೆ ಪೋಕರ್ ಎಂಬ ಆಟವೂ, ಅದನ್ನು ಕಲಿಸಿಕೊಡುವೆವೆಂಬ ‘ಮಾರ್ಗದರ್ಶಕ’ರೂ ಕಾಲೇಜು ವಿದ್ಯಾರ್ಥಿಗಳ ಬಳಿಗೆ ಬಂದರು. ಇಂಥವರಲ್ಲಿ ಯೋಗ್ಯನನ್ನು ಗುರುತಿಸುವ ಬಗೆ ಯಾವುದೆಂಬುದು ವಿದ್ಯಾರ್ಥಿಗಳು ನಮ್ಮನ್ನು ಕೇಳಿರುವ ಪ್ರಶ್ನೆ. ಪ್ರಶ್ನೆ ಕ್ಷುಲ್ಲಕವೆಂದು ಅಧ್ಯಾಪಕರು ತಳ್ಳಿಹಾಕಬಹುದು. ನಾವು ಹಾಗೆ ಭಾವಿಸುವುದಿಲ್ಲ.

ಮೊದಲು ಕಾನೂನಿನ ಸ್ಥಿತಿಯನ್ನು ಹೇಳಿಬಿಡುವುದು ಉಚಿತ. 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು ಹೇಳಿ, ಮೂರೆಲೆಯ ಆಟದಿಂದ ಅದನ್ನು ಬೇರ್ಪಡಿಸಿತು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಪಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ರಾಜ್ಯದ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ಆ ನಿಷೇಧವನ್ನು ರದ್ದುಗೊಳಿಸಿತು. ಕೌಶಲ ಮತ್ತು ಅದೃಷ್ಟಗಳ ಈ ದೀರ್ಘ ವಿವಾದವನ್ನೇ ಬದಿಗೆ ಸರಿಸಿ, ಸಂಸತ್ತು ಅಂಗೀಕರಿಸಿದ ಹೊಸ ಕಾಯಿದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಹಣವನ್ನು ಪಣವಾಗಿಡುವ ಆನ್‌ಲೈನ್ ಆಟಗಳನ್ನು ನಡೆಸುವುದೂ, ಅವುಗಳ ಜಾಹೀರಾತೂ, ಅವುಗಳಿಗೆ ಹಣ ಸಾಗಿಸುವುದೂ ಅದರ ಪ್ರಕಾರ ನಿಷಿದ್ಧ. ದೇಶದ ಪ್ರಮುಖ ಕಂಪನಿಗಳು ಆ ತಿಂಗಳಲ್ಲಿಯೇ ಹಣದ ಆಟಗಳನ್ನು ನಿಲ್ಲಿಸಿದವು. ಆದಕಾರಣ ಮುಂದೆ ಹೇಳುವುದೆಲ್ಲವೂ ಬೆಲೆಯಿಲ್ಲದ ಬಿಲ್ಲೆಗಳಿಂದ ಆಡುವ, ಬುದ್ಧಿಯ ವ್ಯಾಯಾಮವಾಗಿ ಅಭ್ಯಸಿಸುವ ಆಟಕ್ಕೆ ಅನ್ವಯಿಸತಕ್ಕದ್ದು. ನಿಷೇಧದ ಕಣ್ಣು ತಪ್ಪಿಸುವ ವಿದೇಶದ ತಾಣಗಳಿಗೆ ದಾರಿ ತೋರಿಸುವವನನ್ನು ಪರೀಕ್ಷಿಸುವ ಅಗತ್ಯವೇ ಇಲ್ಲ. ಅವನು ಅಲ್ಲಿಯೇ ಅನುತ್ತೀರ್ಣನಾದನು.

ಇನ್ನು ಆಟದ ಸ್ವರೂಪ. ಹೆಚ್ಚು ಪ್ರಚಾರದಲ್ಲಿರುವ ‘ಟೆಕ್ಸಾಸ್ ಹೋಲ್ಡೆಮ್’ ಎಂಬ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಗುಪ್ತ ಎಲೆಗಳು. ನಡುವೆ ಎಲ್ಲರಿಗೂ ಸಮಾನವಾಗಿ ಸಲ್ಲುವ ಐದು ಬಹಿರಂಗ ಎಲೆಗಳು. ಎಲೆಗಳು ತೆರೆದಂತೆಲ್ಲ ಆಟಗಾರರು ಪಣವನ್ನು ಏರಿಸಬಹುದು, ಸಮಗಟ್ಟಬಹುದು, ಇಲ್ಲವೇ ಆಟವನ್ನು ಬಿಟ್ಟುಕೊಡಬಹುದು. ಚದುರಂಗದಲ್ಲಿ ಎದುರಾಳಿಯ ಬಲವೆಲ್ಲ ಕಣ್ಣೆದುರಿಗೇ ಇರುತ್ತದೆ. ಇಲ್ಲಿಯಾದರೋ ಅರ್ಧ ವಿಷಯ ಮರೆಯಲ್ಲಿರುವುದು. ಈ ಕಾರಣದಿಂದಲೇ ಫಾನ್ ನಾಯ್‌ಮನ್ ಮತ್ತು ಮಾರ್ಗನ್‌ಸ್ಟರ್ನ್ ಅವರು 1944ರ ತಮ್ಮ ಮಹಾಗ್ರಂಥದಲ್ಲಿ ಪೋಕರಿಗೆ ಪ್ರತ್ಯೇಕ ವಿವೇಚನೆಯನ್ನು ಮೀಸಲಿಟ್ಟರು.

ಚದುರಂಗದ ಗುರುವನ್ನು ಆರಿಸುವುದು ಸುಲಭ. ಹತ್ತು ಆಟ ಆಡಿಸಿ ನೋಡಿದರೆ ಯಾರು ಬಲ್ಲಿದರೆಂಬುದು ತಿಳಿದುಹೋಗುತ್ತದೆ. ಪೋಕರಿನಲ್ಲಿ ಹಾಗಾಗುವುದಿಲ್ಲ. ಇದನ್ನು ಅಂಕಿಗಳಿಂದ ಸ್ಪಷ್ಟಪಡಿಸಬಹುದು. ಎಲೆ ನೋಡುವ ಮುನ್ನವೇ ಇಡಬೇಕಾದ ಎರಡು ಕಡ್ಡಾಯ ಪಣಗಳಲ್ಲಿ ದೊಡ್ಡದನ್ನು ಒಂದು ಮಾನವೆಂದು ಇಟ್ಟುಕೊಳ್ಳೋಣ. ನೂರು ಹಂಚಿಕೆಗಳಿಗೆ ಸರಾಸರಿ 5 ಮಾನ ಗೆಲ್ಲುವವನು ಒಳ್ಳೆಯ ಆಟಗಾರ. ಆದರೆ ಅದೇ ನೂರು ಹಂಚಿಕೆಗಳಲ್ಲಿ ಅದೃಷ್ಟದ ಏರಿಳಿತ, ಅಂದರೆ ಮಾನಕ ವಿಚಲನೆ, ಸುಮಾರು 90 ಮಾನದಷ್ಟಿರುತ್ತದೆ. 10,000 ಹಂಚಿಕೆಗಳನ್ನಾಡಿದಾಗ ಕೌಶಲದಿಂದ ನಿರೀಕ್ಷಿಸತಕ್ಕ ಗೆಲುವು 500 ಮಾನ. ಏರಿಳಿತವು ಹಂಚಿಕೆಗಳ ಸಂಖ್ಯೆಯ ವರ್ಗಮೂಲದಂತೆ ಬೆಳೆಯುವುದರಿಂದ 900 ಮಾನ. ಒಳ್ಳೆಯ ಆಟಗಾರರಲ್ಲಿಯೂ ಹತ್ತಕ್ಕೆ ಸುಮಾರು ಮೂವರು ಇಷ್ಟು ಆಡಿದ ಮೇಲೂ ನಷ್ಟದಲ್ಲಿಯೇ ಇರುವರೆಂದಾಯಿತು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಲಾಭವೂ ಇಲ್ಲದ ನಷ್ಟವೂ ಇಲ್ಲದ ಸಾಧಾರಣ ಆಟಗಾರರಲ್ಲಿಯೂ ಹತ್ತಕ್ಕೆ ಸುಮಾರು ಮೂವರು ಅದೇ ಅವಧಿಯಲ್ಲಿ 500 ಮಾನಕ್ಕೂ ಮಿಕ್ಕಿ ಗೆದ್ದಿರುತ್ತಾರೆ. ಗಂಟೆಗೆ ಅರವತ್ತೆಪ್ಪತ್ತು ಹಂಚಿಕೆಗಳೆಂದರೂ ಇದು ನೂರೈವತ್ತು ಗಂಟೆಗಳ ಆಟ. ಲಕ್ಷ ಹಂಚಿಕೆಗಳಾದ ಮೇಲಷ್ಟೆ ಚಿತ್ರ ತಿಳಿಯಾಗುತ್ತದೆ: ಆಗ ಒಳ್ಳೆಯ ಆಟಗಾರ ನಷ್ಟದಲ್ಲಿರುವ ಸಂಭವ ನೂರಕ್ಕೆ ನಾಲ್ಕು ಮಾತ್ರ.

ಸಾವಿರ ಮಂದಿ ಸಾಧಾರಣರಲ್ಲಿ ಇನ್ನೂರ ತೊಂಬತ್ತು ಮಂದಿಯ ಬಳಿ ಏರುಗತಿಯ ಲಾಭದ ರೇಖೆಯೊಂದು ತಾನಾಗಿಯೇ ಸಿದ್ಧವಾಗಿರುತ್ತದೆಂಬುದು ಇದರ ಫಲಿತಾರ್ಥ. ಗುರುವೆಂಬ ಫಲಕವನ್ನು ತೂಗುಹಾಕುವವರು ಈ ಇನ್ನೂರ ತೊಂಬತ್ತು ಮಂದಿಯಿಂದಲೇ ಹೊರಡುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ತಮ್ಮ ಅದೃಷ್ಟವನ್ನು ವಿದ್ಯೆಯೆಂದು ತಾವೂ ನಂಬಿರುತ್ತಾರೆ. ವಂಚಕನಿಗಿಂತ ಇಂಥವನಿಂದಲೇ ಶಿಷ್ಯನಿಗೆ ಅಪಾಯ ಹೆಚ್ಚೆಂದು ನಮ್ಮ ಅಭಿಪ್ರಾಯ.

ತೆಂಗಿನ ಸೀಮೆಯ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತು ಅಪರಿಚಿತವಾಗಲಾರದು. ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟು, ಅಲ್ಲಾಡಿಸಿದಾಗ ಒಳಗಿನ ಕೊಬ್ಬರಿ ಸದ್ದು ಮಾಡುವಷ್ಟು ಒಣಗಿದ ಮೇಲೆ ಸುಲಿದು ತಿಪಟೂರು ಮಾರುಕಟ್ಟೆಗೆ ಒಯ್ಯುವ ರೈತನು ಬೆಲೆಯೆಂಬ ಗುಪ್ತ ಎಲೆಯ ಎದುರಿಗೆ ಪ್ರತಿವರ್ಷವೂ ನಿರ್ಧಾರ ಮಾಡಬೇಕಾಗುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿಳಿದಿತ್ತು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ. ಮಾರುಕಟ್ಟೆಯ ಬೆಲೆ ಅದರ ಇಮ್ಮಡಿಯನ್ನೂ ಮೀರಿತು. 2024ರ ಕೊನೆಯಲ್ಲಿ ಮಾರದೆ ಕಾದವನು ಊರಿನಲ್ಲಿ ಬುದ್ಧಿವಂತನೆನಿಸಿದನು, ಮಾರಿದವನು ದಡ್ಡನೆನಿಸಿದನು. ಆದರೆ ಕಾದವನು ಏತಕ್ಕೆ ಕಾದನು? ಇಳುವರಿ ಕುಗ್ಗಿರುವುದನ್ನೂ ಎಳನೀರಿಗೆ ಬೇಡಿಕೆ ಏರುತ್ತಿರುವುದನ್ನೂ ತೂಗಿ ನೋಡಿ ಕಾದಿದ್ದರೆ ಅವನ ಬಳಿ ಕಲಿಯತಕ್ಕದ್ದುಂಟು. ಸುಲಿಯಲು ಆಳು ಸಿಕ್ಕದೆ ಕಾದಿದ್ದರೆ ಅವನ ಲಾಭವನ್ನು ನೋಡಿ ಸಂತೋಷಪಡಬಹುದು, ಅಷ್ಟೆ. ಮಾರಿದವನಿಗೆ ಮಗಳ ಮದುವೆಯೋ ಬ್ಯಾಂಕಿನ ಸಾಲವೋ ಇದ್ದಿದ್ದರೆ ಅವನ ನಿರ್ಧಾರವೂ ಸರಿಯೇ.

ಗುರುವಾಗಬಯಸುವವನಿಗೆ ಕೇಳತಕ್ಕ ಮೊದಲ ಪ್ರಶ್ನೆ ಇದರಿಂದ ಒದಗುತ್ತದೆ. ಸರಿಯಾಗಿ ಆಡಿ ಸೋತ ಒಂದು ಆಟವನ್ನೂ, ತಪ್ಪಾಗಿ ಆಡಿ ಗೆದ್ದ ಒಂದು ಆಟವನ್ನೂ ವಿವರಿಸುವಂತೆ ಅವನನ್ನು ಕೇಳಬೇಕು. ಉದಾಹರಣೆಗೆ, ನಡುವಿನ ರಾಶಿಯಲ್ಲಿ 1,000 ಬಿಲ್ಲೆಗಳಿವೆ. ಎದುರಾಳಿ 250 ಇಡುತ್ತಾನೆ. ನಮ್ಮಲ್ಲಿ ಆಟೀನಿನ ನಾಲ್ಕು ಎಲೆಗಳು ಕೂಡಿವೆ, ಐದನೆಯದು ಬಂದರೆ ಗೆಲುವು. ತೆರೆಯಬೇಕಾದುದು ಒಂದೇ ಎಲೆ. ನಾವು ಕಾಣದ 46 ಎಲೆಗಳಲ್ಲಿ ಆಟೀನು 9; ಗೆಲ್ಲುವ ಸಂಭವ ನೂರಕ್ಕೆ 19.6. ಸಮಗಟ್ಟಲು 250 ಬಿಲ್ಲೆ ಕೊಟ್ಟರೆ ರಾಶಿ ಒಟ್ಟು 1,500 ಆಗುವುದರಿಂದ, ನೂರಕ್ಕೆ 16.7ರಷ್ಟು ಸಂಭವವಿದ್ದರೂ ನಮಗೆ ನಷ್ಟವಿಲ್ಲ. ಆದುದರಿಂದ ಸಮಗಟ್ಟುವುದೇ ಸರಿ. ಆದರೂ ಐದು ಸಲದಲ್ಲಿ ನಾಲ್ಕು ಸಲ ಸೋಲುತ್ತೇವೆ! ಈ ಸೋಲನ್ನು ಸೋಲೆಂದೇ ಎಣಿಸಿ ಶಿಷ್ಯನನ್ನು ಗದರಿಸುವವನು ಆಟವನ್ನು ತಿಳಿದಿಲ್ಲ. ಎಲೆಗಳ ಫಲಿತಾಂಶವನ್ನು ಕೈಯಿಂದ ಮುಚ್ಚಿಟ್ಟು, ನಿರ್ಧಾರದ ಕ್ಷಣದಲ್ಲಿ ತಿಳಿದಿದ್ದುದೇನು ಎಂದು ಕೇಳುವವನು ತಿಳಿದವನು.

ಎರಡನೆಯ ಪರೀಕ್ಷೆ ದಾಖಲೆಯದು. ಆನ್‌ಲೈನ್ ಆಟದಲ್ಲಿ ಪ್ರತಿ ಹಂಚಿಕೆಯ ವಿವರವೂ ಉಳಿಯಬಲ್ಲುದು. ವರ್ಷತೊಡಕಿನ ಜಮಖಾನೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಆಯ್ದ ತಿಂಗಳ ಲೆಕ್ಕವನ್ನಲ್ಲ, ಪೂರ್ಣ ಲೆಕ್ಕವನ್ನು ತೋರಿಸಲು ಒಪ್ಪದವನ ಮರದಲ್ಲಿ ಹಣ್ಣುಗಳೆಷ್ಟೆಂದು ಎಣಿಸುವುದು ಹೇಗೆ?

ಮೂರನೆಯದು, ಗುರುವಿನ ವರಮಾನ ಎಲ್ಲಿಂದ ಬರುತ್ತದೆಂಬುದು. ಹಣದ ಆಟ ನಡೆಯುತ್ತಿದ್ದಾಗ ತಾಣದವರು ಪ್ರತಿ ರಾಶಿಯಿಂದಲೂ ಒಂದು ಪಾಲನ್ನು ಕತ್ತರಿಸಿಕೊಳ್ಳುತ್ತಿದ್ದರು. ಆಟಗಾರರನ್ನು ಕರೆತಂದವನಿಗೆ ಅದರಲ್ಲೊಂದು ಅಂಶ ಸಲ್ಲುವ ಏರ್ಪಾಟು ಈ ವ್ಯಾಪಾರದಲ್ಲಿ ಸಾಮಾನ್ಯ. ದಲ್ಲಾಳಿಗೆ ರೈತನ ಲಾಭನಷ್ಟಕ್ಕಿಂತ ಚೀಲಗಳ ಸಂಖ್ಯೆ ಮುಖ್ಯವಾಗುವಂತೆ, ಇಂಥ ಗುರುವಿಗೆ ಶಿಷ್ಯನು ಚೆನ್ನಾಗಿ ಆಡುವುದಕ್ಕಿಂತ ಹೆಚ್ಚು ಹೊತ್ತು ಆಡುವುದು ಲಾಭಕರ. ಶಿಷ್ಯನಿಗೆ ತಾನೇ ಹಣ ಕೊಟ್ಟು ಗೆಲುವಿನಲ್ಲಿ ಪಾಲು ಕೇಳುವ, ಸೋಲನ್ನು ಮುಂದಿನ ಗೆಲುವಿನಿಂದ ತುಂಬಿಸಿಕೊಳ್ಳುವ ಇನ್ನೊಂದು ಪದ್ಧತಿಯೂ ಉಂಟು. ಅದರಲ್ಲಿ ಶಿಷ್ಯನೆಂಬವನು ಸಾಲಗಾರನೇ ಸರಿ.

ಗುರುವನ್ನು ಯೋಚಿಸಿ ಆರಿಸಿಕೊಂಡವರ ನಿದರ್ಶನವೊಂದನ್ನು ಇಲ್ಲಿ ನೆನೆಯಬಹುದು. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಡಾಕ್ಟರೇಟ್ ಪಡೆದ ಲೇಖಕಿ ಮರಿಯಾ ಕೊನ್ನಿಕೋವಾ, ಆಟದ ಗಂಧವೂ ಇಲ್ಲದೆ, ಅದೃಷ್ಟ ಮತ್ತು ಕೌಶಲಗಳ ಸಂಬಂಧವನ್ನು ಅರಿಯಲು ಪೋಕರ್ ಕಲಿಯಲು ಹೊರಟರು. ಅವರು ಆರಿಸಿಕೊಂಡ ಗುರು ಎರಿಕ್ ಸೈಡೆಲ್. ಆತ ವೃತ್ತಿಯಿಂದ ಶಿಕ್ಷಕರಲ್ಲ. ಆದರೆ 1988ರ ವಿಶ್ವ ಸರಣಿಯ ಪ್ರಧಾನ ಸ್ಪರ್ಧೆಯಲ್ಲಿ ಎರಡನೆಯವರಾಗಿ ಬಂದ ದಿನದಿಂದ, ಆಟದ ರೀತಿ ಹಲವು ಸಲ ಬದಲಾದರೂ, ದಶಕಗಳ ಕಾಲ ಅಗ್ರಪಂಕ್ತಿಯಲ್ಲಿ ಉಳಿದವರು. ಲಕ್ಷ ಹಂಚಿಕೆಗಳ ನಮ್ಮ ಲೆಕ್ಕಕ್ಕೆ ಇಂಥ ದೀರ್ಘಾವಧಿಯೇ ಉತ್ತರ. ಅವರ ಬೋಧನೆಯಲ್ಲಿ ಉತ್ತರಗಳಿಗಿಂತ ಪ್ರಶ್ನೆಗಳೇ ಹೆಚ್ಚಾಗಿದ್ದವೆಂದು ಶಿಷ್ಯೆ 2020ರಲ್ಲಿ ಪ್ರಕಟಿಸಿದ ಗ್ರಂಥದಿಂದ ತಿಳಿದುಬರುತ್ತದೆ. 2018ರ ಜನವರಿಯಲ್ಲಿ ಆಕೆ ಬಹಾಮಾದ ಒಂದು ಸ್ಪರ್ಧೆಯಲ್ಲಿ ಗೆದ್ದು 84,600 ಡಾಲರ್ ಪಡೆದುದನ್ನು ಓದುಗರು ಬಹಳ ಮೆಚ್ಚುತ್ತಾರೆ. ಒಂದು ಸ್ಪರ್ಧೆಯ ಗೆಲುವು ಏನನ್ನೂ ಸ್ಥಾಪಿಸುವುದಿಲ್ಲವೆಂದು ಹೇಳಬೇಕಾದ ಅಪ್ರಿಯ ಕರ್ತವ್ಯ ನಮ್ಮದು. ಆಕೆಯ ಆಯ್ಕೆಯ ವಿವೇಕ ಆ ಗೆಲುವಿಲ್ಲದಿದ್ದರೂ ನಿಲ್ಲುತ್ತಿತ್ತು.

ಯಂತ್ರವನ್ನೇ ಗುರುವಾಗಿಸಿಕೊಳ್ಳಬಾರದೇಕೆ ಎಂದು ಕೆಲವರು ಕೇಳಬಹುದು. 2015ರಲ್ಲಿ ಕೆನಡದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು ಇಬ್ಬರಾಡುವ, ಪಣಕ್ಕೆ ಮಿತಿಯುಳ್ಳ ಹೋಲ್ಡೆಮನ್ನು ಗಣಕಯಂತ್ರದಿಂದ ಬಹುಮಟ್ಟಿಗೆ ಬಿಡಿಸಿಬಿಟ್ಟರು. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ‘ಲಿಬ್ರೇಟಸ್’ ಮಿತಿಯಿಲ್ಲದ ಆಟದಲ್ಲಿ ನಾಲ್ವರು ನಿಪುಣರನ್ನು ಇಪ್ಪತ್ತು ದಿನ, 1,20,000 ಹಂಚಿಕೆಗಳಲ್ಲಿ ಸೋಲಿಸಿತು. ಅಷ್ಟೊಂದು ಹಂಚಿಕೆಗಳು ಏಕೆ ಬೇಕಾದವೆಂಬುದು ವಾಚಕರಿಗೆ ಈಗ ತಿಳಿದಿರಬೇಕು. ಇಂದು ಇಂಥ ಗಣನೆಯ ಸಾಧನಗಳು ಸಾಮಾನ್ಯರಿಗೂ ಎಟುಕುತ್ತವೆ. ಅವು ಉತ್ತರವನ್ನು ಕೊಡುತ್ತವೆ, ಕಾರಣವನ್ನು ಕೊಡುವುದಿಲ್ಲ. ಮಗ್ಗಿ ಬಾರದ ಬಾಲಕನ ಕೈಗೆ ಗುಣಾಕಾರದ ಯಂತ್ರ ಕೊಟ್ಟಂತೆ ಆಗುವುದರಿಂದ, ಆರಂಭದ ವಿದ್ಯಾರ್ಥಿಗೆ ಮನುಷ್ಯ ಗುರುವೇ ಲೇಸು; ಆ ಗುರುವಿನ ಮಾತನ್ನು ಪರೀಕ್ಷಿಸಲು ಮಾತ್ರ ಯಂತ್ರ ಬಹಳ ಒಳ್ಳೆಯದು. ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯು 2015ರಲ್ಲಿ ನಡೆಸಿದ ಪೋಕರ್ ಸಿದ್ಧಾಂತದ ಉಪನ್ಯಾಸಗಳು ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ. ಶುಲ್ಕ ಕೇಳುವ ಮಾರ್ಗದರ್ಶಕನು ಅವುಗಳಿಗಿಂತ ಹೆಚ್ಚೇನು ಕೊಡುವನೆಂದು ಕೇಳುವುದರಲ್ಲಿ ತಪ್ಪಿಲ್ಲ.

ಲಿಬ್ರೇಟಸ್ ಸ್ಪರ್ಧೆಯಲ್ಲಿ ಅದೃಷ್ಟದ ಪಾಲನ್ನು ತಗ್ಗಿಸಲು ಬಳಸಿದ ಉಪಾಯವೊಂದನ್ನು ನಮ್ಮ ಕಾಲೇಜುಗಳ ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಸುಲಭವಾಗಿ ಪ್ರಯೋಗಿಸಬಹುದು. ಅಲ್ಲಿ ಒಬ್ಬ ಆಟಗಾರನಿಗೆ ಬಂದ ಎಲೆಗಳೇ ಬೇರೊಂದು ಕೋಣೆಯಲ್ಲಿ ಅವನ ಜೊತೆಗಾರನ ಎದುರಿಗಿದ್ದ ಯಂತ್ರಕ್ಕೆ ಬರುವಂತೆ ಏರ್ಪಡಿಸಿದ್ದರು. ಗುರುವೆನಿಸಿಕೊಳ್ಳುವವನನ್ನೂ ಅವನ ಒಬ್ಬ ಶಿಷ್ಯನನ್ನೂ ಒಂದು ಪಕ್ಷಕ್ಕಿಟ್ಟು, ಇನ್ನಿಬ್ಬರು ವಿದ್ಯಾರ್ಥಿಗಳನ್ನು ಎದುರುಪಕ್ಷಕ್ಕಿಡಬೇಕು. ಎರಡು ಕೋಣೆಗಳಲ್ಲಿ ಎರಡು ಕಟ್ಟು ಇಸ್ಪೀಟನ್ನು ಒಂದೇ ಕ್ರಮದಲ್ಲಿ ಜೋಡಿಸಿ, ಮೊದಲ ಕೋಣೆಯಲ್ಲಿ ಗುರುವಿಗೆ ಬಂದ ಎಲೆಗಳು ಎರಡನೆಯ ಕೋಣೆಯಲ್ಲಿ ಶಿಷ್ಯನ ಎದುರಾಳಿಗೆ ಬರುವಂತೆ ಹಂಚಬೇಕು. ಬಿಲ್ಲೆಗಳಿಗೆ ಹುಣಿಸೆಬೀಜ ಸಾಕು. ಪ್ರತಿ ನಿರ್ಧಾರಕ್ಕೆ ಮುನ್ನ ಆಟಗಾರನು ತನ್ನ ಕಾರಣವನ್ನು ಚೀಟಿಯಲ್ಲಿ ಬರೆದು ಮಡಿಸಿಡಬೇಕು. ಫಲಿತಾಂಶ ತಿಳಿದ ಮೇಲೆ ಬರೆದ ಕಾರಣಗಳನ್ನು ಲೆಕ್ಕಕ್ಕೆ ಹಿಡಿಯಕೂಡದು. ಒಂದು ಮಧ್ಯಾಹ್ನದಲ್ಲಿ ಐವತ್ತು ಜೋಡಿ ಹಂಚಿಕೆಗಳು ಸಾಧ್ಯ. ಬೀಜಗಳ ಲೆಕ್ಕದಿಂದ ಅಷ್ಟರಲ್ಲಿ ಹೆಚ್ಚೇನೂ ತಿಳಿಯಲಾರದು. ಚೀಟಿಗಳನ್ನು ಬಿಡಿಸಿ ಓದುವುದೇ ಮುಖ್ಯ ಕೆಲಸ, ಅದಕ್ಕೆ ಮರುದಿನದ ತರಗತಿಯನ್ನು ಮೀಸಲಿಡುವುದು ಒಳ್ಳೆಯದು.