ತೋಡಿಗೆ ಕರೆಂಟು ಕೊಟ್ಟ ಗಿಟಾರ್

ಒಂದು ಟ್ರ್ಯಾಕಿನ ಹೆಸರು ‘ಇರಪ್ಷನ್ ಇನ್ ಬ್ಯಾಂಗಲೋರ್’. ಇನ್ನೊಂದು ‘ಡಾರ್ಕ್ ಸಂಡೇ ಇನ್ ಟ್ರಿಪ್ಲಿಕೇನ್’. ಆಮೇಲೆ ‘ಪಾಟ್ ಬೆಲ್ಲಿ ಬ್ಲೂಸ್’. ಆ ಡೊಳ್ಳು ಹೊಟ್ಟೆ ಯಾರದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮತ್ತೊಂದಕ್ಕೆ ಇಟ್ಟಿರುವುದು ‘ಶ್ರೀ ಜಿಮಿ’ ಎಂಬ ಹೆಸರು. ಇವೆಲ್ಲ ಇರುವ ಆಲ್ಬಂ ‘ಎಲೆಕ್ಟ್ರಿಕ್ ಗಣೇಶ ಲ್ಯಾಂಡ್’. 2006ರಲ್ಲಿ ಬಂತು. ಜಿಮಿ ಎಂದರೆ ಜಿಮಿ ಹೆಂಡ್ರಿಕ್ಸ್. ಸೈಕೆಡೆಲಿಕ್ ರಾಕ್ ಎಂದೊಡನೆ ಜಗತ್ತಿಗೆ ಮೊದಲು ನೆನಪಾಗುವ ಎಡಗೈ ಗಿಟಾರ್ ವಾದಕ. 1968ರಲ್ಲಿ ಅವನು ತಂದ ‘ಎಲೆಕ್ಟ್ರಿಕ್ ಲೇಡಿಲ್ಯಾಂಡ್’ ಎಂಬ ಜೋಡಿ ಎಲ್‌ಪಿಗೆ ಚೆನ್ನೈನ ಒಬ್ಬ ಕರ್ನಾಟಕ ಸಂಗೀತಗಾರ ಹೀಗೆ ನಮಸ್ಕಾರ ಹಾಕಿದ.

ಆ ಸಂಗೀತಗಾರನ ಹೆಸರು ಪ್ರಸನ್ನ. ಹೆಸರಿನ ಹಿಂದೆ ‘ಗಿಟಾರ್’ ಸೇರಿಸಿ ಕರೆಯುವುದು ರೂಢಿ. ಹುಟ್ಟಿದ್ದು ರಾಣಿಪೇಟೆಯಲ್ಲಿ. ಓದಿದ್ದು ಮದ್ರಾಸ್ ಐಐಟಿಯಲ್ಲಿ, ಅದೂ ನೇವಲ್ ಆರ್ಕಿಟೆಕ್ಚರ್, ಅಂದರೆ ಹಡಗು ಕಟ್ಟುವ ವಿದ್ಯೆ. ಆ ಹಡಗು ನೀರಿಗೆ ಇಳಿಯಲಿಲ್ಲ. ತಿರುವಾರೂರು ಬಾಲಸುಬ್ರಮಣಿಯಂ ಮತ್ತು ಪಿಟೀಲಿನ ಎ. ಕನ್ಯಾಕುಮಾರಿ ಅವರ ಬಳಿ ಶಾಸ್ತ್ರೀಯ ಪಾಠ, ಬಳಿಕ ಅಮೆರಿಕದ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಜಾಜ್, ಪಾಶ್ಚಾತ್ಯ ಸ್ವರಸಂಯೋಜನೆ. ತ್ಯಾಗರಾಜರ ಕೃತಿಗಳನ್ನು ಸಂಪ್ರದಾಯದ ಕಚೇರಿಯಲ್ಲಿ ನುಡಿಸುವವರೂ ಇವರೇ, ಹೆಂಡ್ರಿಕ್ಸ್‌ನನ್ನು ಶ್ರೀ ಜಿಮಿ ಎಂದು ಕರೆದವರೂ ಇವರೇ.

ಗುರು ಕನ್ಯಾಕುಮಾರಿ ಅವರ ಹೆಸರು ಕನ್ನಡಿಗರಿಗೆ ಹೊಸದಲ್ಲ. ನಮ್ಮ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನಿನ ಪಕ್ಕದಲ್ಲಿ ಎಷ್ಟೋ ವರ್ಷ ಪಿಟೀಲು ಹಿಡಿದು ಕೂತವರು ಅವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾದ ಬಂಟ್ವಾಳದ ಹುಡುಗ, ಆ ವಿದೇಶಿ ಪೀಪಿಯಿಂದ ಗಮಕ ಹೊರಡಿಸಿ ಚೆನ್ನೈಯ ಸಭೆಗಳನ್ನು ಗೆದ್ದದ್ದು ಹಳೆಯ ಕತೆ. ಪರದೇಶದ ವಾದ್ಯಕ್ಕೆ ರಾಗ ಕಲಿಸುವ ಸಾಹಸವನ್ನು ಅಷ್ಟು ಹತ್ತಿರದಿಂದ ಕಂಡ ಗುರು ಗಿಟಾರಿನ ಹುಡುಗನನ್ನು ಹೊರಗೆ ನಿಲ್ಲಿಸದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. 2016ರಲ್ಲಿ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಕನ್ಯಾಕುಮಾರಿ ಅವರಿಗೆ ಸಂದಿತು. ಪ್ರಸನ್ನ ಅವರಿಗಿಂತ ಮೊದಲು, ಎಂಬತ್ತರ ದಶಕದಲ್ಲೇ, ಸುಕುಮಾರ್ ಪ್ರಸಾದ್ ಎಂಬುವರು ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸಿ ಮದರಾಸನ್ನು ಬೆರಗುಗೊಳಿಸಿದ್ದರು. ಆ ಹೆಸರನ್ನು ಇಂದು ಹೇಳುವವರು ಕಡಿಮೆ.

ಈ ಲೇಖನಕ್ಕೆ ಕಾರಣವಾದದ್ದು ಪ್ರಸನ್ನ ಅವರ ಎಡಗೈ. ಅವರ ಕಚೇರಿಗಳ ವಿಡಿಯೊಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಚಕ್ಕಳಮಕ್ಕಳ ಹಾಕಿ ಕೂತಿರುತ್ತಾರೆ; ಗಿಟಾರ್ ತೊಡೆಯ ಮೇಲೆ. ಪಕ್ಕವಾದ್ಯದವರೂ ಎಂದಿನ ಜಾಗದಲ್ಲೇ ಇರುತ್ತಾರೆ. ಕಣ್ಣನ್ನು ಬಲಗೈ ಬಿಟ್ಟು ಎಡಗೈಗೆ ತಿರುಗಿಸಿ. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಡ್ಡ ಬಡಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ. ಒಂದು ಸ್ಥಾಯಿಗೆ ಹನ್ನೆರಡು. ಒಂದೊಂದು ಪಟ್ಟಿಗೂ ಒಂದೊಂದು ಸ್ವರ ಗೊತ್ತುಮಾಡಿಟ್ಟಿದೆ. ನಮ್ಮ ತೋಡಿ ರಾಗಕ್ಕೆ ಇದು ಸಾಲದು. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ; ಕೆಳಗಿನ ರಿಷಭದ ಕಡೆಗೂ ಮೇಲಕ್ಕೂ ತೂಗಾಡುತ್ತಲೇ ಅದು ಗಾಂಧಾರವಾಗುತ್ತದೆ. ಪಟ್ಟಿಯ ಮೇಲೆ ಬೆರಳಿಟ್ಟು ಮೀಟಿದರೆ ಬರುವುದು ಒಣ ಸ್ವರ ಮಾತ್ರ.

ಹಾಗಾಗಿ ಬೆರಳು ನಿಂತಲ್ಲಿ ನಿಲ್ಲುವುದಿಲ್ಲ. ಒಮ್ಮೆ ತಂತಿಯುದ್ದಕ್ಕೂ ಜಾರುತ್ತದೆ, ಅದು ಜಾರು. ಇನ್ನೊಮ್ಮೆ ಇದ್ದಲ್ಲೇ ತಂತಿಯನ್ನು ಅಡ್ಡಕ್ಕೆ ತಳ್ಳಿ ಸ್ವರವನ್ನು ಮೇಲಕ್ಕೆತ್ತುತ್ತದೆ. ರಾಕ್ ಗಿಟಾರಿನವರು ಇದಕ್ಕೆ ಬೆಂಡ್ ಅನ್ನುತ್ತಾರೆ, ವೈಣಿಕರು ಎಳೆತ ಅನ್ನುತ್ತಾರೆ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರಕ್ಕೆ ಕೂತಿರುವುದರಿಂದ ತಂತಿ ಸಲೀಸಾಗಿ ಎಳೆಯಲು ಬರುತ್ತದೆ. ಚೆನ್ನೈಯ ವೀಣೆ ಎಸ್. ಬಾಲಚಂದರ್ ಒಂದೇ ಮೆಟ್ಟಿಲಿನಲ್ಲಿ ನಾಲ್ಕೈದು ಸ್ವರಗಳನ್ನು ಎಳೆದು ತೆಗೆಯುತ್ತಿದ್ದರು; ಪಂಡಿತರಲ್ಲಿ ಕೆಲವರಿಗೆ ಅದು ಹುಚ್ಚಾಟ, ಉಳಿದವರಿಗೆ ವೀಣೆಯ ಪರಾಕಾಷ್ಠೆ. ಅಕೌಸ್ಟಿಕ್ ಗಿಟಾರಿನಲ್ಲಿ ಆ ಸಲೀಸು ಇಲ್ಲ. ಎಲೆಕ್ಟ್ರಿಕ್ ಗಿಟಾರಿನ ತಂತಿ ಮಾತ್ರ ಬಲು ತೆಳು. ಒಂದು ಪೂರ್ಣ ಸ್ವರ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಎತ್ತಬಹುದು. ಹೆಂಡ್ರಿಕ್ಸ್ ಬ್ಲೂಸ್‌ಗಾಗಿ ಎತ್ತಿದ, ಪ್ರಸನ್ನ ಭೈರವಿಗೂ ತೋಡಿಗೂ ಎತ್ತುತ್ತಾರೆ.

ಇನ್ನೊಂದು ವಿಷಯವೂ ಇದೆ. ನನ್ನ ಮಟ್ಟಿಗೆ ಅದೇ ಮುಖ್ಯ. ವೀಣೆಯಾಗಲಿ ಗಿಟಾರಾಗಲಿ, ಮೀಟಿದ ತಂತಿಯ ನಾದ ಹುಟ್ಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಗಮಕ ಮುಗಿಯುವ ಮೊದಲೇ ಎಷ್ಟೋ ಸಲ ನಾದ ಮುಗಿದಿರುತ್ತದೆ. ಡಿಸ್ಟಾರ್ಷನ್ ಅಂದರೆ, ಆಂಪ್ಲಿಫೈಯರಿಗೆ ಅದು ತಾಳಲಾರದಷ್ಟು ಸಿಗ್ನಲ್ ಕೊಟ್ಟು ಅಲೆಯ ತುದಿಯನ್ನು ಕತ್ತರಿಸಿ ಹಾಕುವುದು. ಆಗ ಜೋರಿನ ಭಾಗ, ಕುಗ್ಗಿದ ಭಾಗ ಎರಡೂ ಸುಮಾರು ಒಂದೇ ಮಟ್ಟಕ್ಕೆ ಬರುತ್ತವೆ, ಸ್ವರ ಬೇಗ ಸಾಯುವುದಿಲ್ಲ. ಕಿವಿಗೆ ಅದು ಮೀಟಿದ ತಂತಿಯಂತಲ್ಲ, ಊದಿದ ಕೊಳವಿಯಂತೆ ಕೇಳುತ್ತದೆ. ತಿರುವಾವಡುದುರೈ ರಾಜರತ್ನಂ ಪಿಳ್ಳೆಯವರ ನಾಗಸ್ವರದ ತೋಡಿಯ ಹಳೇ ರೆಕಾರ್ಡ್ ಕೇಳಿದವರಿಗೆ ಡಿಸ್ಟಾರ್ಷನ್ ಹಾಕಿದ ಗಿಟಾರ್ ಅಷ್ಟೇನೂ ಪರಕೀಯ ಅನ್ನಿಸಲಾರದು. ಅದೇ ಒರಟುತನ, ಬಯಲಿನಲ್ಲಿ ದೂರಕ್ಕೆ ಕೇಳುವ ಅದೇ ದಮ್ಮು. ‘ಗಲಾಟೆ’ ಎಂದು ಮೂಗು ಮುರಿಯುವ ಹಿರಿಯರು ದೇವರ ಉತ್ಸವದಲ್ಲಿ ನಾಗಸ್ವರ, ತವಿಲ್ ಎಷ್ಟು ಜೋರಾಗಿರುತ್ತವೆ ಎಂಬುದನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಸೈಕೆಡೆಲಿಕ್ ರಾಕ್ ಅಂದರೆ ಏನು ಎನ್ನುವವರಿಗೆ ನಾಲ್ಕು ಮಾತು. ಅರವತ್ತರ ದಶಕದ ನಡುವೆ ಅಮೆರಿಕ, ಇಂಗ್ಲೆಂಡುಗಳಲ್ಲಿ ಹುಟ್ಟಿದ್ದು. ಎಲ್‌ಎಸ್‌ಡಿಯ ನಶೆ, ವಿಯೆಟ್ನಾಂ ಯುದ್ಧದ ಸಿಟ್ಟು, ಸ್ಟುಡಿಯೊದಲ್ಲಿ ಟೇಪನ್ನು ಹಿಂದುಮುಂದಾಗಿ ಓಡಿಸುವ ಹುಮ್ಮಸ್ಸು ಎಲ್ಲವೂ ಅದರಲ್ಲಿದ್ದವು. ಮೂರು ನಿಮಿಷದ ಹಾಡಿನ ಬೇಲಿ ಅಲ್ಲಿ ಬಿತ್ತು. ‘ಎಲೆಕ್ಟ್ರಿಕ್ ಲೇಡಿಲ್ಯಾಂಡ್’ನಲ್ಲೇ ಸುಮಾರು ಹದಿನೈದು ನಿಮಿಷದ ಒಂದು ಹಾಡಿದೆ. ರಾಗಂ ತಾನಂ ಪಲ್ಲವಿಗೆ ಗಂಟೆಗಟ್ಟಲೆ ಕೂರುವ ನಮಗೆ ಇದು ಏನೂ ಅಲ್ಲ, ಅವರಿಗೆ ಕ್ರಾಂತಿ. ಆ ಕ್ರಾಂತಿಯಲ್ಲಿ ನಮ್ಮ ಪಾಲೂ ಇತ್ತು. 1966ರಲ್ಲಿ ಬೀಟಲ್ಸ್ ತಮ್ಮ ‘ಟುಮಾರೋ ನೆವರ್ ನೋಸ್’ ಹಾಡಿಗೆ ತಂಬೂರಿಯ ಶ್ರುತಿ ಇಟ್ಟರು. 1967ರ ಜೂನ್ 18, ಭಾನುವಾರ. ಕ್ಯಾಲಿಫೋರ್ನಿಯದ ಮಾಂಟೆರೆ ಉತ್ಸವ. ಮಧ್ಯಾಹ್ನ ರವಿಶಂಕರರ ಸಿತಾರ್, ರಾತ್ರಿ ಹೆಂಡ್ರಿಕ್ಸ್. ಕೊನೆಗೆ ಅವನು ಗಿಟಾರಿಗೆ ಬೆಂಕಿ ಹಚ್ಚಿದ. ವಾದ್ಯವನ್ನು ಕಣ್ಣಿಗೊತ್ತಿಕೊಳ್ಳುವ ಸಂಸ್ಕಾರದ ರವಿಶಂಕರ್ ಅದನ್ನು ಕಂಡು ನೊಂದುಕೊಂಡರು. ಮೂರು ವರ್ಷ ಕಳೆದು, 1970ರ ಸೆಪ್ಟೆಂಬರ್ 18ರಂದು, ಹೆಂಡ್ರಿಕ್ಸ್ ಲಂಡನ್ನಿನಲ್ಲಿ ತೀರಿಕೊಂಡ. ವಯಸ್ಸು 27.

ಚೆನ್ನೈಗೂ ಆ ಲೋಕಕ್ಕೂ ಇರುವ ನಂಟು ಗಿಟಾರಿನದಷ್ಟೇ ಅಲ್ಲ, ಮಣ್ಣಿನ ಮಡಕೆಯದೂ ಹೌದು. ಸೈಕೆಡೆಲಿಕ್ ರಾಕಿನ ದೊಡ್ಡ ತಂಡ ಗ್ರೇಟ್‌ಫುಲ್ ಡೆಡ್‌ನ ಡ್ರಮ್ಮರ್ ಮಿಕಿ ಹಾರ್ಟ್. ಅವನ ‘ಪ್ಲಾನೆಟ್ ಡ್ರಮ್’ ಆಲ್ಬಂ 1992ರಲ್ಲಿ ವಿಶ್ವಸಂಗೀತ ವಿಭಾಗದ ಮೊತ್ತಮೊದಲ ಗ್ರ್ಯಾಮಿ ಪಡೆಯಿತು. ಅದರಲ್ಲಿ ಘಟ ನುಡಿಸಿದವರು ಚೆನ್ನೈಯ ಟಿ.ಎಚ್. ವಿನಾಯಕರಾಮ್, ಎಲ್ಲರ ವಿಕ್ಕು. ಅದಕ್ಕೂ ಮೊದಲು ಎಪ್ಪತ್ತರ ದಶಕದಲ್ಲಿ ಜಾನ್ ಮೆಕ್‌ಲಾಫ್ಲಿನ್, ಎಲ್. ಶಂಕರ್, ಜಾಕಿರ್ ಹುಸೇನ್ ಜೊತೆ ‘ಶಕ್ತಿ’ಯಲ್ಲಿ ಇದ್ದವರೂ ಅವರೇ.

ಹಳೆಯ ಮದರಾಸಿನ ರಾಕ್ ಚರಿತ್ರೆಯನ್ನು ಯಾರೂ ಸರಿಯಾಗಿ ಬರೆದಿಟ್ಟಿಲ್ಲ. ಸಿಗುವುದು ಚೂರುಪಾರು ಮಾತ್ರ. ಮೌಂಟ್ ರೋಡಿನ ಮ್ಯೂಸೀ ಮ್ಯೂಸಿಕಲ್ ಅಂಗಡಿ 1842ರಿಂದ ವಾದ್ಯ ಮಾರುತ್ತಿದೆ. ಎಪ್ಪತ್ತರ ಸುಮಾರಿಗೆ ಸಿಗರೇಟು ಕಂಪನಿಯೊಂದು ‘ಸಿಮ್ಲಾ ಬೀಟ್’ ಎಂಬ ಸ್ಪರ್ಧೆ ನಡೆಸಿ, ದೇಶದ ಬೇರೆ ಬೇರೆ ಊರುಗಳ ಹುಡುಗರ ತಂಡಗಳನ್ನು ಮುಂಬಯಿಗೆ ಕರೆಸಿ, 1970 ಮತ್ತು 71ರಲ್ಲಿ ಎರಡು ಎಲ್‌ಪಿ ತಂದಿತು. ಇಂದು ವಿದೇಶದ ಸಂಗ್ರಾಹಕರು ಅವನ್ನು ಹುಡುಕಿಕೊಂಡು ಅಲೆಯುತ್ತಾರೆ. ಇಲ್ಲಿ ಅದರ ನೆನಪೂ ಉಳಿದಿಲ್ಲ.

ಎಲೆಕ್ಟ್ರಿಕ್ ಗಿಟಾರ್ ನಿಜವಾಗಿ ಜನರ ಕಿವಿಗೆ ಬಿದ್ದದ್ದು ಮದರಾಸಿನ ಸಿನಿಮಾ ಕೇರಿ ಕೋಡಂಬಾಕ್ಕಂ ದಾರಿಯಾಗಿ. ಆ ಕಾಲದ ಕನ್ನಡ ಸಿನಿಮಾ ಹಾಡುಗಳು ಮದರಾಸಿನ ಸ್ಟುಡಿಯೊಗಳಲ್ಲೇ ಧ್ವನಿಮುದ್ರಣವಾಗುತ್ತಿದ್ದವು. ‘ಜೇಡರ ಬಲೆ’ಯ ಬಾಂಡ್ ಶೈಲಿಯ ಗುಂಗು, ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಹಾಡಿನ ಠೀವಿ, ಎರಡೂ ಜಿ.ಕೆ. ವೆಂಕಟೇಶ್ ಅವರವು. ಅವರ ಬಳಿ ಗಿಟಾರ್ ಹಿಡಿದು, ಸಹಾಯಕನಾಗಿ ದುಡಿದು, ಕನ್ನಡ ಚಿತ್ರಗಳಲ್ಲೇ ಕೈ ಪಳಗಿಸಿಕೊಂಡ ಯುವಕ ಇಳಯರಾಜ. ಮುಂದೆ ತಮಿಳುನಾಡಿನ ಒಂದು ಪೀಳಿಗೆಯ ಮಕ್ಕಳು ಗಿಟಾರ್ ಕಲಿತದ್ದೇ ಇಳಯರಾಜ ಹಾಡುಗಳನ್ನು ನುಡಿಸಲು. ಚೆನ್ನೈ ರಾಕಿನ ವಂಶವೃಕ್ಷದಲ್ಲಿ ನಮ್ಮ ಜಿ.ಕೆ.ವಿ. ಅವರಿಗೊಂದು ಕೊಂಬೆ ಕೊಡಲೇಬೇಕು ಎಂಬುದು ನನ್ನ ಹಟ.

ಈಗ ನೇರ ಪ್ರದರ್ಶನಗಳ ಮಾತು. ‘ಎಲೆಕ್ಟ್ರಿಕ್ ಗಣೇಶ ಲ್ಯಾಂಡ್’ನಂಥ ಸಂಗೀತವನ್ನು ಚೆನ್ನೈಯಲ್ಲಿ ಎಲ್ಲಿ ಕೇಳಬೇಕು? 1928ರಲ್ಲಿ ಶುರುವಾದ ಮ್ಯೂಸಿಕ್ ಅಕಾಡೆಮಿಯೂ ಇತರ ಸಭೆಗಳೂ ಮಾರ್ಗಳಿ ತಿಂಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಚೇರಿ ನಡೆಸುತ್ತವೆ. ಅಲ್ಲಿ ಗಿಟಾರಿಗೆ ಜಾಗವುಂಟು, ವರ್ಣದಿಂದ ಮಂಗಳದವರೆಗೆ ಪದ್ಧತಿ ಮೀರದಿದ್ದರೆ. ರಾಕ್ ಬೇಕೆಂದರೆ ಐಐಟಿಯ ‘ಸಾರಂಗ್’ ಉತ್ಸವ ಇದೆ. ಅಲ್ಲಿನ ಬಯಲು ರಂಗಮಂದಿರದಲ್ಲಿ 2009ರಲ್ಲಿ ಸ್ವೀಡನ್ನಿನ ಓಪೆತ್ ತಂಡ ನುಡಿಸಿತು. ಆದರೆ ಅದು ವರ್ಷಕ್ಕೊಮ್ಮೆ. ಉಳಿದಂತೆ ಹೋಟೆಲು, ಬಾರುಗಳ ಮೂಲೆಯ ವೇದಿಕೆ. ಅಲ್ಲಿ ಗಿರಾಕಿಗೆ ಗೊತ್ತಿರುವ ಹಾಡೇ ಬೇಕು. ರಾತ್ರಿ ಹತ್ತಾದರೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಕಾನೂನಿನ ತಡೆ. ಸಭೆಯ ಲೆಕ್ಕದಲ್ಲಿ ಇದು ಅತಿ ಜೋರು, ಬಾರಿನ ಲೆಕ್ಕದಲ್ಲಿ ಅತಿ ಶಾಸ್ತ್ರೀಯ.

ಪ್ರಸನ್ನ ಸುಮ್ಮನೆ ದೂರುತ್ತ ಕೂರಲಿಲ್ಲ. 2010ರಲ್ಲಿ ಚೆನ್ನೈಯ ದಕ್ಷಿಣಕ್ಕೆ, ಚೆಯ್ಯೂರಿನ ಕಡೆ, ಸ್ವರ್ಣಭೂಮಿ ಅಕಾಡೆಮಿ ಆಫ್ ಮ್ಯೂಸಿಕ್ ಎಂಬ ವಸತಿ ಶಾಲೆಗೆ ಅಧ್ಯಕ್ಷರಾಗಿ ನಿಂತರು. ರಾಕ್, ಜಾಜ್ ಕಲಿಯುವ ಹುಡುಗರು ಕೊನ್ನಕ್ಕೋಲಿನ ಸೊಲ್ಲುಗಳನ್ನೂ ಬಾಯಲ್ಲಿ ಹೇಳಿ ಕಲಿಯುವ ವ್ಯವಸ್ಥೆ ಅಲ್ಲಿತ್ತು. ಮರುವರ್ಷ ವಿಜಯ್ ಅಯ್ಯರ್, ನಿತಿನ್ ಮಿಟ್ಟಾ ಜೊತೆ ‘ತೀರ್ಥ’ ಎಂಬ ಆಲ್ಬಂ ಬಂತು. ಪಿಯಾನೋ, ತಬಲಾ, ಗಿಟಾರ್ ಮೂರೇ. ಅದು ಇನ್ನೊಂದು ದಾರಿ, ಒಳ್ಳೆಯ ದಾರಿಯೂ ಹೌದು. ನನಗಂತೂ ಗಣೇಶನ ಊರೇ ಹೆಚ್ಚು ಹಿಡಿಸಿತು. ಅದರಲ್ಲಿ ತಮಾಷೆ ಇದೆ, ಸೊಕ್ಕಿದೆ. ದಕ್ಷಿಣದ ತಾಳವಾದ್ಯಗಳ ಮೇಲೆ ಗಿಟಾರ್ ಗುಡುಗುವಾಗ ‘ಫ್ಯೂಷನ್’ ಎಂಬ ಸಾಧು ಹೆಸರಿನ ಅನೇಕ ಆಲ್ಬಂಗಳ ಮೆದುಮಾತು ಇಲ್ಲಿಲ್ಲ.

ಈಗಿನ ಹುಡುಗರು ಬೇರೆ ದಾರಿ ಹಿಡಿದಿದ್ದಾರೆ. 2012ರಲ್ಲಿ ಶುರುವಾದ ‘ದಿ ಎಫ್16ಸ್’ ಚೆನ್ನೈಯಿಂದಲೇ ಇಂಗ್ಲಿಷಿನಲ್ಲಿ ಹಾಡುತ್ತದೆ. 2018ರ ಜನವರಿಯಲ್ಲಿ ವೇದಿಕೆ ಏರಿದ ‘ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ಚೆನ್ನೈ ಕೇರಿಗಳ ಗಾನಾ ಹಾಡಿಗೆ ರಾಕಿನ ಗಿಟಾರ್ ಕೂಡಿಸಿ ಜಾತಿಯ ಪ್ರಶ್ನೆಯನ್ನೇ ಎತ್ತಿಕೊಂಡಿತು. ನಮ್ಮ ಬೆಂಗಳೂರಿನಲ್ಲಿ ‘ಪರ್ವಾಜ್’ ಉರ್ದು, ಕಾಶ್ಮೀರಿಯಲ್ಲಿ ಸೈಕೆಡೆಲಿಕ್ ರಾಕ್ ಕಟ್ಟಿತು. ಅವರ ‘ಬರನ್’ ಆಲ್ಬಂ 2014ರದು. ಇವರಿಗೆಲ್ಲ ಕೇಳುಗರಿದ್ದಾರೆ. ಆದರೆ ತೋಡಿ ಬಲ್ಲ, ಹೆಂಡ್ರಿಕ್ಸ್ ಬಲ್ಲ, ಎರಡನ್ನೂ ಒಂದೇ ತಂತಿಯಲ್ಲಿ ಎಳೆಯಬಲ್ಲ ಕೈ ಮಾತ್ರ ಮತ್ತೆ ಸುಲಭಕ್ಕೆ ಸಿಗುತ್ತಿಲ್ಲ. ಅಂಥ ಕೈ ತಯಾರಾಗಲು ಎರಡು ಗುರುಕುಲ ಬೇಕು, ಕನಿಷ್ಠ ಇಪ್ಪತ್ತು ವರ್ಷ ಬೇಕು, ಆಮೇಲೆ ಒಂದು ವೇದಿಕೆಯೂ ಬೇಕು.

ಸಭೆಗಳ ಕಾರ್ಯದರ್ಶಿಗಳಲ್ಲಿ ಒಂದು ಕೋರಿಕೆ. ಡಿಸೆಂಬರಿನ ಅಷ್ಟೊಂದು ಕಚೇರಿಗಳ ನಡುವೆ ಒಂದೇ ಒಂದು ಸಂಜೆಯನ್ನು ಎಲೆಕ್ಟ್ರಿಕ್ ಗಿಟಾರಿಗೆ, ಅದರ ಡಿಸ್ಟಾರ್ಷನ್ ಪೆಡಲ್ ಸಮೇತ, ಬಿಟ್ಟುಕೊಡಿ. ಬೇಕಿದ್ದರೆ ಮುಂದಿನ ಸಾಲಿನವರಿಗೆ ಹತ್ತಿ ಹಂಚಿ. ಬೆಂಗಳೂರಿನ ರಾಮೋತ್ಸವ, ಗಣೇಶೋತ್ಸವ ಸಮಿತಿಯವರಿಗೂ ಇದೇ ಮಾತು. ಊರಿನ ಹೆಸರಿನಲ್ಲಿ ಒಂದು ‘ಇರಪ್ಷನ್’ ಇದೆ, ಅದನ್ನು ಇಲ್ಲಿಯೇ ಒಮ್ಮೆ ನುಡಿಸಿಸಬಾರದೇ?

ಓದುಗರಿಗೆ ಹೇಳುವುದಿಷ್ಟು: ಮೊದಲು ಪ್ರಸನ್ನ ಅವರ ಶುದ್ಧ ಕರ್ನಾಟಕ ಕಚೇರಿ ಒಂದನ್ನು ಕೇಳಿ, ಅದಾದ ಮೇಲೆ ‘ಶ್ರೀ ಜಿಮಿ’ ಹಾಕಿ. ಫೋನಿನ ಸ್ಪೀಕರಿನಲ್ಲಿ ಬೇಡ.